ಬಾಗಲಗುಂಟೆಯ ಧರ್ಮಸಮರ್ಥಕ

ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ಇರುವುದು ನಮ್ಮದೊಂದೇ. ಹಾಗಾಗಿ ಬಾಗಲಗುಂಟೆಯಲ್ಲಿ ಯಾರಿಗೆ ಕ್ರೈಸ್ತಧರ್ಮದ ಬಗ್ಗೆ ಏನು ಸಂಶಯ ಹುಟ್ಟಿದರೂ ಅದು ನೇರವಾಗಿ ಬಂದು ನಮ್ಮ ಗೇಟಿನ ಚಿಲಕ ಅಲ್ಲಾಡಿಸುತ್ತದೆ. ನನಗೂ ಅದು ಬೇಕು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಡೀ ಜೀವನ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕಳೆದವನು ನಾನು. ಮೆಷಿನ್ ಸದ್ದಿನಲ್ಲಿ ಆಡಲಾಗದೆ ಉಳಿದುಹೋದ ಮಾತೆಲ್ಲ ರಿಟೈರ್ ಆದ ಮೇಲೆ ಒಟ್ಟಿಗೆ ಹೊರಗೆ ಬರುತ್ತಿದೆ ಎಂದು ನನ್ನ ಹೆಂಡತಿಯ ಅಭಿಪ್ರಾಯ.

ನಾವು ಗದಗಿನ ಕಡೆಯವರು. ತಾತನ ಕಾಲದಿಂದ ಪ್ರಾಟೆಸ್ಟೆಂಟರು. ನಮ್ಮ ಚರ್ಚು ಇರುವುದು ಯಲಹಂಕದಲ್ಲಿ. ಮಂಡಿಯ ಆಪರೇಷನ್ ಆದ ಮೇಲೆ ನನ್ನವಳಿಗೆ ಬಸ್ಸು ಹತ್ತುವುದಕ್ಕಾಗಲಿ, ಚರ್ಚಿನ ಆ ಉದ್ದ ಮೆಟ್ಟಿಲು ಏರುವುದಕ್ಕಾಗಲಿ ಆಗುವುದಿಲ್ಲ. ಅದಕ್ಕೆ ಪ್ರತಿ ಗುರುವಾರ ಸಂಜೆ ದಾಸರಹಳ್ಳಿ ಸುತ್ತಮುತ್ತಲಿನ ನಮ್ಮವರು ಕೆಲವು ಹೆಣ್ಣುಮಕ್ಕಳು ನಮ್ಮ ಮನೆಗೇ ಬರುತ್ತಾರೆ. ಒಂದಿಷ್ಟು ಹಾಡು, ಒಂದಿಷ್ಟು ಪ್ರಾರ್ಥನೆ, ಆಮೇಲೆ ಗಿರಮಿಟ್ಟು, ಚಹಾ. ನನ್ನವಳ ವಾರವೆಲ್ಲ ಆ ಗುರುವಾರದ ಸುತ್ತಲೇ ತಿರುಗುತ್ತದೆ. ಈ ವರ್ಷ ಆ ಗುರುವಾರವೇ ನಿಂತುಹೋಗುವ ಹಂತಕ್ಕೆ ಬಂದಿತ್ತು. ಅದರ ಹಿಂದೆ ಮುಂದೆ ನಡೆದ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಅಣ್ಣ-ತಮ್ಮಂದಿರ ಭಾಗ

ಎದುರು ಮನೆಯವರು ಹಾವೇರಿ ಕಡೆಯಿಂದ ಬಂದು ಇಲ್ಲೇ ನೆಲೆನಿಂತವರು, ಮಾತೂ ಈಗ ಇಲ್ಲಿಯದೇ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಒಂದು ದಿನ ಬೆಳಿಗ್ಗೆ ತಟ್ಟೆ ತುಂಬ ಬಾಳೆಹಣ್ಣು ಹಿಡಿದುಕೊಂಡು ಬಂದರು. ಹಣ್ಣು ನೋಡಿದ ಕೂಡಲೇ ವಿಷಯ ಗಂಭೀರವಾದದ್ದೆಂದು ಗೊತ್ತಾಯಿತು.

"ಸಾರ್, ಮೊಮ್ಮಗಳಿಗೆ ಆ ಸಿಸ್ಟರ್ಸ್ ಶಾಲೇಲಿ ಒಂದು ಸೀಟು ಆಗ್ಬೇಕಿತ್ತು. ನಿಮ್ಮೋರೇ ಅಲ್ವಾ? ನೀವೊಂದ್ ಮಾತು ಹೇಳಿದ್ರೆ ಸಾಕು."

ನಾನು ಅವರನ್ನು ಕೂರಿಸಿದೆ. ಆ ಶಾಲೆ ಕ್ಯಾಥೊಲಿಕರದ್ದು, ನಾವು ಪ್ರಾಟೆಸ್ಟೆಂಟರು, ಎರಡೂ ಬೇರೆ ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಐನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಏನಾಯಿತು, ಯಾಕಾಯಿತು, ಪೋಪರು ಏನೆಂದರು, ಅದಕ್ಕೆ ನಮ್ಮವರು ಏನೆಂದರು ಎಲ್ಲವನ್ನೂ ಬಿಡಿಸಿ ಹೇಳಿದೆ. ಒಳಗಿನಿಂದ ಎರಡನೇ ಸಲ ಕಾಫಿ ಬಂತು. ಅವರು ಒಂದು ಮಾತೂ ಆಡದೆ ಕೇಳಿದರು. ಇಂಥ ಶ್ರೋತೃ ಸಿಗುವುದು ಅಪರೂಪ ಎಂದು ನನಗೆ ಮನಸ್ಸು ತುಂಬಿ ಬಂತು.

ಕೊನೆಗೆ ಅವರು ಲೋಟ ಕೆಳಗಿಟ್ಟು ಹೇಳಿದರು: "ಆಯ್ತು ಸಾರ್. ಅಣ್ಣ-ತಮ್ಮ ಭಾಗ ಆಗಿದೀರ. ಅದು ಎಲ್ಲಾ ಮನೇಲೂ ಇದ್ದಿದ್ದೇ. ಮಾತುಕತೆ ಏನೂ ಬಿಟ್ಟಿಲ್ಲ ತಾನೇ?"

ಕೆಳಗಿನ ಕೋರ್ಟು

ಅದೇ ಹೊತ್ತಿಗೆ ಯಲಹಂಕದ ನಮ್ಮ ಪಾಸ್ಟರು ಫೋನ್ ಮಾಡಿ, ಯುವಕ-ಯುವತಿಯರಿಗೆ ಅಪಾಲಜೆಟಿಕ್ಸ್ ಬಗ್ಗೆ ಒಂದು ಮಾತು ಹೇಳಬೇಕು ಎಂದರು. ಕನ್ನಡದಲ್ಲಿ ಸಮರ್ಥನಾಶಾಸ್ತ್ರ ಎನ್ನಬಹುದು. ನಮ್ಮ ನಂಬಿಕೆಯನ್ನು ಪ್ರಶ್ನಿಸಿದವರಿಗೆ ಕಾರಣ ಕೊಟ್ಟು ಉತ್ತರ ಹೇಳುವ ವಿದ್ಯೆ. ಇಷ್ಟು ದಿನ ಗೇಟಿನ ಬಳಿ ನಾನು ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೆ ಇಂಥ ದೊಡ್ಡ ಹೆಸರಿದೆಯೆಂದು ತಿಳಿದು ಎರಡು ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬೆಳಗಿನ ವಾಕಿಂಗಿನಲ್ಲಿ ನನ್ನ ಜೊತೆ ನಮ್ಮ ಬೀದಿಯವರೇ ಒಬ್ಬರು ನಿವೃತ್ತ ವಕೀಲರು ಬರುತ್ತಾರೆ. ಪಾರ್ಕಿನ ಬೆಂಚಿನ ಮೇಲೆ ಕೂತು ಅವರಿಗೇ ಮೊದಲು ಒಪ್ಪಿಸಿದೆ.

"ಸ್ವಾಮೀ, ಇದು ಮೂಲದಲ್ಲಿ ನಿಮ್ಮ ಕಸುಬಿನ ಮಾತು. ಹಳೇ ಗ್ರೀಸಿನಲ್ಲಿ ಕೋರ್ಟಿಗೆ ಎಳೆಸಿಕೊಂಡ ಮನುಷ್ಯ ತನ್ನ ಪರವಾಗಿ ತಾನೇ ಎದ್ದು ನಿಂತು ಮಾತಾಡಬೇಕಿತ್ತು. ಆ ಭಾಷಣಕ್ಕೆ ಅಪೊಲೊಗಿಯಾ ಅಂತಿದ್ದರು."

"ತಾನೇನಾ? ವಕೀಲರು ಇರ್ಲಿಲ್ವಾ?"

"ಇರಲಿಲ್ಲ."

ಅವರ ಮುಖದಲ್ಲಿ ಆ ನಾಗರಿಕತೆಯ ಬಗ್ಗೆ ಇದ್ದ ಗೌರವವೆಲ್ಲ ಇಳಿದುಹೋಯಿತು. "ಸರಿ, ಮುಂದೆ ಹೇಳಿ. ನಿಮ್ಮೋರ ಮೇಲೆ ಆರೋಪ ಏನಿತ್ತು?"

ಹೇಳಿದೆ. ಯೇಸುವಿನ ಕಾಲ ಕಳೆದು ನೂರು ವರ್ಷವಾದ ಮೇಲೆ ರೋಮ್ ಸಾಮ್ರಾಜ್ಯದ ಊರುಗಳಲ್ಲಿ ಕ್ರೈಸ್ತರೆಂದರೆ ಅಲ್ಲೊಂದು ಇಲ್ಲೊಂದು ಮನೆ, ಈಗ ಬಾಗಲಗುಂಟೆಯಲ್ಲಿ ನಾವಿರುವ ಹಾಗೆ. ಅಕ್ಕಪಕ್ಕದವರಿಗೆ ಅನುಮಾನ. ಇವರ ಮನೆಯಲ್ಲಿ ವಿಗ್ರಹವಿಲ್ಲ, ಆದ್ದರಿಂದ ನಾಸ್ತಿಕರು. ಊರ ಹಬ್ಬಕ್ಕೆ ಬರುವುದಿಲ್ಲ, ಆದ್ದರಿಂದ ಊರಿಗೆ ಕೇಡು ಬಯಸುವವರು. ಬೆಳಗಾಗುವ ಮುಂಚೆ ಒಳಗೆ ಸೇರಿಕೊಂಡು ಅದೇನೋ ಶರೀರ, ರಕ್ತ ಅನ್ನುತ್ತಾರೆ, ಆದ್ದರಿಂದ ನರಭಕ್ಷಕರು. ಕೊನೆಗೆ ಕೆಲವರು ಓದಿಕೊಂಡವರು ಕೂತು, ನಾವು ಅಂಥವರಲ್ಲ, ನಾವು ಇಂಥವರು, ವಿಚಾರಿಸಿ ನೋಡಿ ಎಂದು ದೀರ್ಘವಾಗಿ ಬರೆದು ಚಕ್ರವರ್ತಿಗೇ ಒಪ್ಪಿಸಿದರು. ಇನ್ನೊಬ್ಬರ ದೇವರನ್ನು ಕೆಣಕುವ ಹುಮ್ಮಸ್ಸಿನಿಂದಲ್ಲ, ಬೀದಿಯಲ್ಲಿ ಹಬ್ಬಿದ ಗಾಳಿಮಾತಿಗೆ ಉತ್ತರ ಹೇಳಬೇಕಾಗಿ ಬಂದದ್ದರಿಂದ ಈ ಶಾಸ್ತ್ರ ಹುಟ್ಟಿತು. ಆಮೇಲೆ ಅದು ಬೆಳೆದು ಬೇರೆಬೇರೆ ದಿಕ್ಕಿಗೆ ಹೋಯಿತು, ಬಿಡಿ. ನನಗೆ ಮಾತ್ರ ಆ ಮೊದಲಿನವರೇ ಇಷ್ಟ. ನಮ್ಮನ್ನು ಒಪ್ಪದಿದ್ದರೂ ಪರವಾಗಿಲ್ಲ, ನಾವು ಏನೆಂದು ತಿಳಿದುಕೊಂಡು ಬೈಯಿರಿ ಎಂದು ಕೇಳಿಕೊಂಡ ಜನ.

ವಕೀಲರು ಬಹಳ ಹೊತ್ತು ಯೋಚನೆ ಮಾಡಿದರು. ನನ್ನ ಮಾತು ನಾಟಿದೆ ಎಂದುಕೊಂಡೆ.

"ನೇರ ಚಕ್ರವರ್ತಿಗೇ ಕೊಟ್ರಾ?"

"ಹೌದು."

"ಕೆಳಗಿನ ಕೋರ್ಟಿಗೆ ಹೋಗ್ಲೇ ಇಲ್ವಾ?"

"ಇಲ್ಲ."

"ಛೆ ಛೆ ಛೆ," ಎಂದು ತಲೆ ಕೊಡವಿದರು. "ಒಳ್ಳೇ ಕೇಸನ್ನ ಕೈಯಾರೆ ಹಾಳು ಮಾಡ್ಕೊಂಡಿದಾರೆ ಕಣ್ರೀ."

ಹೆಸರು ಕೊಡುವವರು

ಯಲಹಂಕದ ಭಾಷಣ ಚೆನ್ನಾಗಿಯೇ ಆಯಿತು. ಕಾಲೇಜು ಹುಡುಗಿಯರು, ಮಾಕಳಿ ಕಡೆಯ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮಾಡುವ ಹುಡುಗರು, ಸುಮಾರು ಜನ ಸೇರಿದ್ದರು. ನಾನು ಅವರಿಗೆ ಹೇಳಿದ್ದರಲ್ಲಿ ನನಗೇ ಹಿಡಿಸಿದ ಒಂದು ಮಾತಿದೆ. ಯೇಸುವಿನ ಶಿಷ್ಯರ ಕಾಲದ ಒಂದು ಪತ್ರದಲ್ಲಿ, ನಿಮ್ಮ ಭರವಸೆಗೆ ಕಾರಣವೇನೆಂದು ಯಾರಾದರೂ ಕೇಳಿದರೆ ಉತ್ತರ ಕೊಡಲು ತಯಾರಿರಿ, ಆದರೆ ಮೆತ್ತಗೆ, ಮರ್ಯಾದೆಯಿಂದ ಕೊಡಿ ಎಂಬ ಅರ್ಥದ ಬುದ್ಧಿಮಾತು ಬರುತ್ತದೆ. ಅದರಲ್ಲಿ "ಕೇಳಿದರೆ" ಎನ್ನುವುದನ್ನು ನಾವೆಲ್ಲ ಹಾರಿಸಿಬಿಡುತ್ತೇವೆ. ಮೊದಲು ಎದುರಿಗಿರುವವನಿಗೆ ಕೇಳಬೇಕು ಅನ್ನಿಸಬೇಕು. ನಮ್ಮಲ್ಲಿ ಅಂಥದ್ದು ಏನೋ ಅವನಿಗೆ ಕಾಣಬೇಕು. ಕಾಣದಿದ್ದರೆ ನಮ್ಮ ಉತ್ತರವನ್ನು ಯಾರ ಮೇಲೆ ಹೇರುವುದು? ಮಕ್ಕಳು ತಲೆಯಾಡಿಸಿದರು. ಪಾಸ್ಟರ ಕಣ್ಣಲ್ಲಿ ಸಂತೋಷ.

ಪ್ರಶ್ನೆಗೆ ಬಿಟ್ಟಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. "ಅಂಕಲ್, ಚಕ್ರವರ್ತಿಗೆ ಬರೆದೋರಲ್ಲಿ ಒಬ್ರು ತತ್ವಜ್ಞಾನಿ ಇದ್ರು ಅಂದ್ರಲ್ಲ, ಅವರ ವಾದ ಕೇಳಿ ಕೊನೆಗೆ ಏನ್ ಮಾಡಿದ್ರು?"

ಸುಳ್ಳು ಹೇಳುವ ಹಾಗಿಲ್ಲ. "ತಲೆ ತೆಗೆದ್ರಮ್ಮ," ಎಂದೆ.

ಪಾಸ್ಟರು ಮೊದಲೇ ಬರೆದುಕೊಂಡು ಬಂದಿದ್ದ ವಂದನಾರ್ಪಣೆಯನ್ನು ಅದೇ ಗಳಿಗೆಯಲ್ಲಿ ಎದ್ದು ಓದತೊಡಗಿದರು. "ಬಹಳ ಸ್ಫೂರ್ತಿದಾಯಕ ವಿಚಾರ. ಇದೇ ಸೇವೆಗೆ ನಮ್ಮಲ್ಲೂ ಒಂದು ತಂಡ ಕಟ್ಟೋಣ ಅಂತಿದೀವಿ. ಯಾರ್ಯಾರು ಹೆಸರು ಕೊಡ್ತೀರಿ?"

ಅಸೋಸಿಯೇಷನ್ ಮೆಂಬರು

ಅದಾದ ಮುಂದಿನ ವಾರವೇ ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ ಬಂದರು. ಬ್ಯಾಂಕಿನಿಂದ ನಿವೃತ್ತರಾದವರು, ಸಂಕೋಚದ ಮನುಷ್ಯ. ಕುರ್ಚಿಯ ತುದಿಯಲ್ಲಿ ಕೂತು ಫ್ಯಾನ್ ನೋಡಿದರು, ಕ್ಯಾಲೆಂಡರ್ ನೋಡಿದರು.

"ಸಾರ್, ಭಾನುವಾರ ಸಂಘದ ಮೀಟಿಂಗ್ ಇದೆ. ನೀವು ಬರ್ಲೇಬೇಕು. ಗುರುವಾರದ ವಿಷಯ... ಬೀದಿಯವರು ಸ್ವಲ್ಪ ಮಾತಾಡ್ತಿದಾರೆ."

"ಏನಂತ?"

"ಅದೇ ಸಾರ್... ನಿಮಗೇ ಗೊತ್ತಿರುತ್ತಲ್ಲ. ನನ್ ಬಾಯಲ್ಲಿ ಯಾಕೆ. ನಿಲ್ಲಿಸಿಬಿಟ್ರೂ ಒಳ್ಳೇದು ಅಂತ ಕೆಲವರ ಅಭಿಪ್ರಾಯ. ನೀವೇ ಬಂದು ಒಂದು ಮಾತು ಹೇಳಿಬಿಡಿ."

ಅವರು ಹೋದ ಮೇಲೆ ನನ್ನವಳು ಅಡುಗೆಮನೆಯ ಬಾಗಿಲಲ್ಲಿ ಕೋಲು ಊರಿ ನಿಂತಿದ್ದಳು. ಎಲ್ಲ ಕೇಳಿಸಿತ್ತು. "ಗುರುವಾರ ನಿಂತ್ರ ನಾ ಯಾರ ಮಾರಿ ನೋಡ್ಕೋತ ಕುಂದ್ರಲಿ?" ಅಂದಳು. ಅಷ್ಟೇ. ಆಮೇಲೆ ಮೆಂತ್ಯ ಸೊಪ್ಪು ಬಿಡಿಸಲು ಕೂತಳು.

ಇಷ್ಟು ವರ್ಷ ಸಂಕ್ರಾಂತಿಗೆ ಎಳ್ಳು ಕೊಟ್ಟು ತೆಗೆದುಕೊಂಡ ಬೀದಿ. ಅವಳ ಆಪರೇಷನ್ ದಿನ ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತಿದ್ದವರು ಇದೇ ಜನ. ಅವರ ಮನಸ್ಸಿನಲ್ಲಿ ನಮ್ಮ ಬಗ್ಗೆ ಏನು ಬೆಳೆದಿದೆಯೋ ಎಂದು ಯೋಚಿಸಿದಷ್ಟೂ ಸಂಕಟ. ಆದರೆ ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಒಂದು ಹುರುಪೂ ಇತ್ತು. ನನಗೂ ಕೊನೆಗೆ ಒಂದು ಅಪೊಲೊಗಿಯಾ ಹೇಳುವ ಸಂದರ್ಭ ಒದಗಿತಲ್ಲ!

ಮೂರು ದಿನ ಮನೆಯಲ್ಲಿ ಓಡಾಡುತ್ತ ತಾಲೀಮು ಮಾಡಿದೆ. ಶನಿವಾರ ಅವಳನ್ನು ಎದುರಿಗೆ ಕೂರಿಸಿಕೊಂಡು ಪೂರ್ತಿ ಒಪ್ಪಿಸಿದೆ. ನಾಸ್ತಿಕರೆಂಬ ಆರೋಪಕ್ಕೆ ಉತ್ತರ, ಸಾಮ್ರಾಜ್ಯಕ್ಕೆ ನಿಷ್ಠೆ, ತೆರಿಗೆ ಕಟ್ಟುವ ವಿಚಾರ, ಚಕ್ರವರ್ತಿಯ ಕ್ಷೇಮಕ್ಕಾಗಿ ನಮ್ಮವರು ಮಾಡುತ್ತಿದ್ದ ಪ್ರಾರ್ಥನೆ.

ಅವಳು ಸೌಟು ಹಿಡಿದೇ ಪೂರ್ತಿ ಕೇಳಿದಳು. "ಎಲ್ಲಾ ಛಲೋ ಐತಿ," ಎಂದಳು. "ಆದ್ರ ಆ ರೋಮಿನ ಚಕ್ರವರ್ತಿ ನಮ್ಮ ಅಸೋಸಿಯೇಷನ್ನಿಗೆ ಯಾವಾಗ ಮೆಂಬರ್ ಆದ್ನ್ರೀ?"

ಯಾರೂ ಹೊರಿಸದ ಆರೋಪ

ಮೀಟಿಂಗು ನಡೆದದ್ದು ನೀರಿನ ಟ್ಯಾಂಕಿನ ಪಕ್ಕದ ಶೀಟು ಹೊದಿಸಿದ ಜಾಗದಲ್ಲಿ. ಪ್ಲಾಸ್ಟಿಕ್ ಕುರ್ಚಿ, ಪೇಪರ್ ಲೋಟದಲ್ಲಿ ಟೀ. ನನ್ನವಳೂ ಹಟ ಹಿಡಿದು ಬಂದಳು. ವಕೀಲರು ಬಂದಿದ್ದರು, ಎದುರು ಮನೆಯವರು ಬಂದಿದ್ದರು. ಮುಂದೆಯೇ ಕೂತಿದ್ದವರು ನಮ್ಮ ಪಕ್ಕದ ಮನೆಯ ಅಜ್ಜಿ. ಈ ಬಡಾವಣೆ ಆಗುವ ಮುಂಚೆ ಇಲ್ಲೆಲ್ಲ ಅವರ ಮನೆಯವರದ್ದೇ ರಾಗಿ ಹೊಲ. ಆದ್ದರಿಂದ ಸಂಘಕ್ಕೆ ಅಧ್ಯಕ್ಷರು ಯಾರೇ ಆಗಲಿ, ಕೊನೆಯ ಮಾತು ಅಜ್ಜಿಯದು.

ಕಾರ್ಯದರ್ಶಿ ಎದ್ದು, "ಗುರುವಾರದ ವಿಷಯ" ಎಂದಷ್ಟೇ ಹೇಳಿ ಕೂತುಬಿಟ್ಟರು. ನಾನು ಎದ್ದೆ. ಆರಂಭ ಭರ್ಜರಿಯಾಗಿಯೇ ಆಯಿತು. ರೋಮಿನಿಂದ ಹಿಡಿದುಕೊಂಡು ಬಂದೆ. ನಾವು ನಾಸ್ತಿಕರಲ್ಲ ಎಂದೆ. ಯಾರೂ ಎದುರಾಡಲಿಲ್ಲ. ಅದರಿಂದ ಇನ್ನಷ್ಟು ಧೈರ್ಯ ಬಂದು, ಎದೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಸಾರಿದೆ: "ಮತ್ತು ನಾವು ಮನುಷ್ಯರ ಮಾಂಸ ತಿನ್ನುವುದಿಲ್ಲ!"

ಟೀ ಹೀರುತ್ತಿದ್ದವರು ಲೋಟ ಕೆಳಗಿಳಿಸಿದರು. ಎರಡನೇ ಸಾಲಿನ ಹೆಂಗಸೊಬ್ಬರು ಪಕ್ಕದಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡರು.

"ಸಾರ್," ಎಂದರು ಕಾರ್ಯದರ್ಶಿ ಕುರ್ಚಿಯಿಂದ ಅರ್ಧ ಎದ್ದು, "ಹಾಗಂತ ಇಲ್ಲಿ ಯಾರೂ ಹೇಳಿಲ್ವಲ್ಲ?"

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಯಾಕ್ ಗುರು, ಎಲ್ಲಾದ್ರೂ ಏನಾದ್ರೂ ಆಗಿದ್ಯಾ?"

ನನ್ನವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ತಡವರಿಸುತ್ತ ವಿವರಿಸಲು ಹೋದೆ. ಇಲ್ಲಪ್ಪಾ, ಅದು ಆ ಕಾಲದ ಮಾತು. ಒಳಗೆ ಇದ್ದದ್ದು ರೊಟ್ಟಿ, ದ್ರಾಕ್ಷಾರಸ. ಅದನ್ನು ಗುರುವಿನ ಶರೀರ, ರಕ್ತ ಅನ್ನುತ್ತಿದ್ದರು. ಹೊರಗಿನವರು ಅರ್ಧ ಕೇಳಿಸಿಕೊಂಡರು. ಬಾಗಿಲು ಮುಚ್ಚಿತ್ತು ನೋಡಿ, ಹಾಗಾಗಿ...

"ಆ! ಅಂಗ್ ಬನ್ನಿ ದಾರಿಗೆ!" ಎಂದು ಅಜ್ಜಿ ಕುರ್ಚಿಯ ಕೈ ತಟ್ಟಿದರು. "ಆ ಬಾಗ್ಲೇ ನಂ ತಕರಾರು. ಗುರ್ವಾರ ಗುರ್ವಾರ ದೀಪ ಅಚ್ಚೋ ವೊತ್ನಾಗೆ ಬಾಗ್ಲು ಯಾಕ್ ಆಕ್ಕೊಂತೀರಿ?"

ಅಜ್ಜಿ ಮುಂದುವರಿಸಿದರು. "ನೀವ್ ಏನಾರ ಆಡ್ಕೊಳಿ, ಏನಾರ ಬೇಡ್ಕೊಳಿ, ನಿಮ್ ದೇವ್ರು ನಿಮ್ಗೆ. ಆದ್ರೆ ಬೀದೀಲಿ ನಿಮ್ದೇ ಮೊದಲ್ನೇ ಮನೆ. ಮುಸ್ಸಂಜೇಲಿ ಲಕ್ಷ್ಮಿ ಬೀದಿಗೆ ಕಾಲಿಡ್ತಿದ್ದಂಗೆ ಮೊದ್ಲು ಕಾಣೋದು ನಿಮ್ ಬಾಗ್ಲು. ಅದು ಆಕಿದ್ರೆ, ಈ ಬೀದೀನೇ ಇಂಗೆ ಅನ್ಕೊಂಡು ಅಂಗೇ ಇಂದಕ್ಕೆ ಓಗ್ತಾಳೆ. ಒಳಗಿನ್ ಮನೆಯೋರ ಗತಿ ಏನು?"

ಸಭೆಯಲ್ಲಿ ಹಲವು ತಲೆಗಳು ಅಲ್ಲಾಡಿದವು. ಮೂರನೇ ಮನೆಯವರು, ತಮ್ಮ ಮಗಳ ಸಂಬಂಧ ಮುರಿದ ಫೋನು ಬಂದದ್ದೂ ಗುರುವಾರ ಸಂಜೆಯೇ ಎಂದು ದನಿಗೂಡಿಸಿದರು.

"ಇದನ್ನ ಮೊದಲೇ ಹೇಳಬಾರದಿತ್ತಾ ಅಮ್ಮಾ?" ಎಂದೆ.

"ಎಂಗ್ ಏಳೋದು ಸಾಮಿ? ಬ್ಯಾರೆ ಧರ್ಮದೋರು, ಮನಸಿಗ್ ನೋವ್ ಮಾಡ್ಕೊಂಡ್ರೆ ಅಂತ ಎಲ್ರೂ ಸುಮ್ಕಿದ್ರು."

ನಾನು ಕುರ್ಚಿಯಲ್ಲಿ ಕುಸಿದೆ. ಯಾವ ಯಾವ ಕತ್ತಿ ಮಸೆದುಕೊಂಡು ಬಂದಿದ್ದೆ! ಅವರೋ, ನನಗೆ ನೋವಾದೀತು ಎಂದು ಇಷ್ಟು ದಿನ ನಾಲಿಗೆ ಬಿಗಿಹಿಡಿದು ಕೂತಿದ್ದರು. ಮೆತ್ತಗೆ, ಮರ್ಯಾದೆಯಿಂದ ಎಂದು ಯಲಹಂಕದಲ್ಲಿ ಮೈಕ್ ಹಿಡಿದು ಹೇಳಿದವನು ನಾನು. ಅದನ್ನು ಮಾಡಿ ತೋರಿಸಿದ್ದು ನಮ್ಮ ಬೀದಿ.

ಆಗ ನನ್ನವಳು ಕೋಲು ಊರಿ ಎದ್ದಳು. "ಅಮ್ಮಾ, ನಮಗೂ ಬಾಗಲಾ ಹಾಕ್ಕೊಳ್ಳೂದು ಬ್ಯಾಡಾಗೇದ. ರಾಜಕಾಲುವೆ ಸೊಳ್ಳಿ ರೀ! ಕಣ್ಣ ಮುಚ್ಚಿ ಪ್ರಾರ್ಥನಾ ಮಾಡೂಮುಂದ ಕೈ ಜೋಡಸಬೇಕೋ, ಸೊಳ್ಳಿ ಹೊಡೀಬೇಕೋ ನೀವ ಹೇಳ್ರಿ."

ಸೊಳ್ಳೆ ಎಂಬ ಮಾತು ಬಿದ್ದದ್ದೇ ತಡ, ಇಡೀ ಸಭೆ ಒಂದಾಯಿತು. ರಾಜಕಾಲುವೆ, ಹೂಳು, ಔಷಧಿ ಹೊಡೆಯದ ಗಾಡಿ, ಎಲ್ಲ ಹೊರಗೆ ಬಂತು. ಧರ್ಮದ ಸುದ್ದಿಯೇ ಇಲ್ಲ. ಎದುರು ಮನೆಯವರು, "ಸಾರ್, ಒಂದು ಮೆಶ್ ಬಾಗ್ಲು ಹಾಕ್ಸಿಬಿಡಿ. ಒಳಗಿನ ಬಾಗ್ಲು ತೆಗೆದಿಡಿ, ಮೆಶ್ ಮುಚ್ಚಿರಲಿ," ಎಂದರು.

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಜಾಲರಿಯೊಳಗಿಂದ ಲಕ್ಷ್ಮಿ ಬರುತ್ತಾಳೋ ಇಲ್ಲವೋ ಎಂಬುದು ಈಗ ಅವರೇ ತೀರ್ಮಾನಿಸಬೇಕಾದ ವಿಷಯ. ನನ್ನವಳು ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅಜ್ಜಿ ಎಲೆ ಅಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿ ಯೋಚಿಸಿದರು.

"ಗಾಳಿ ಬತ್ತದಾ?"

"ಬರುತ್ತಮ್ಮಾ," ಎಂದೆ.

"ಗಾಳಿ ಬಂದ್ರೆ ಅವ್ಳೂ ಬತ್ತಾಳೆ ಬಿಡಿ."

ವಕೀಲರು ಎದ್ದು ನಿಂತು ತೀರ್ಪು ಓದಿದರು: "ಸೊಳ್ಳೆಗೆ ತಡೆಯಾಜ್ಞೆ, ಲಕ್ಷ್ಮಿಗೆ ಪ್ರವೇಶ. ಗುರುವಾರ ಮುಂದುವರಿಯತಕ್ಕದ್ದು."

ತೆರೆದ ಬಾಗಿಲು

ಬುಧವಾರವೇ ಮೆಶ್ ಬಾಗಿಲು ಹಾಕಿಸಿದೆವು. ಚರ್ಚಿನ ಕಡೆಯವರೊಬ್ಬರು ನನ್ನನ್ನು ಫೋನಿನಲ್ಲಿ ತರಾಟೆಗೆ ತೆಗೆದುಕೊಂಡರು. "ಅಲ್ಲ, ಅವರ ನಂಬಿಕೆಗೆ ನೀವು ಬಾಗಿಲು ತೆಗೆದ ಹಾಗಾಯ್ತಲ್ಲ?" ಅದಕ್ಕೂ ಒಂದು ದೀರ್ಘ ಉತ್ತರ ನನ್ನ ಬಳಿ ಇತ್ತು, ಆದರೆ ಅವತ್ತು ಯಾಕೋ ಹೇಳಬೇಕೆನಿಸಲಿಲ್ಲ. "ನಾವು ತೆಗೆದದ್ದು ಪಕ್ಕದ ಮನೆ ಅಜ್ಜಿಗೆ" ಎಂದಷ್ಟೇ ಹೇಳಿ ಫೋನ್ ಇಟ್ಟೆ. ಯೋಚಿಸಿದರೆ ಅದಕ್ಕಿಂತ ಉತ್ತಮವಾದ ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ.

ಗುರುವಾರ ಸಂಜೆ ಬಾಗಿಲು ತೆರೆದಿಟ್ಟೆವು. ಬೀದಿಯ ಮನೆಗಳಲ್ಲಿ ದೀಪ ಹೊತ್ತಿಕೊಳ್ಳುವುದು ಒಳಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಅಜ್ಜಿ ತಮ್ಮ ಜಗಲಿಯ ಮೇಲೆ ಬತ್ತಿ ಹೊಸೆಯುತ್ತ ಕೂತಿದ್ದರು. ನನ್ನವಳ ಮುಖದಲ್ಲಿ ಅಂಥ ಕಳೆ ಆಪರೇಷನ್ ಆದ ಮೇಲೆ ನಾನು ನೋಡಿರಲಿಲ್ಲ. ಆ ಸಂತೋಷದಲ್ಲಿ, ಇನ್ನು ಮುಚ್ಚಿಡುವುದು ಏನೂ ಇಲ್ಲವಲ್ಲ ಎಂದು, ನಾನೂ ಮನಸ್ಸು ಬಿಚ್ಚಿ, ಗಂಟಲು ಬಿಚ್ಚಿ ಎಲ್ಲ ಹಾಡುಗಳನ್ನೂ ಹಾಡಿದೆ. ಹಾಡುತ್ತ ಹಾಡುತ್ತ, ತೆರೆದ ಬಾಗಿಲಿಗಿಂತ ದೊಡ್ಡ ಸಮರ್ಥನೆ ಯಾವುದಿದೆ ಎಂದು ನನಗೆ ಕಣ್ಣು ತುಂಬಿ ಬಂತು.

ಮರುದಿನ ಬೆಳಿಗ್ಗೆ ಹಾಲು ತರಲು ಹೊರಟಾಗ ಅಜ್ಜಿ ಅವರ ಗೇಟಿನ ಬಳಿ ನನಗಾಗಿಯೇ ಕಾದಿದ್ದರು.

"ಸಾಮಿ, ನೆನ್ನೆ ಕೇಳಿದ್ವಿ. ಅಮ್ಮಾವ್ರ ಗಂಟ್ಲು ಬಂಗಾರ. ಆ ಎಣ್ಮಕ್ಳೂ ಸಂದಾಕ್ ಆಡ್ತಾರೆ."

"ನಿಮ್ಮ ಆಶೀರ್ವಾದ ಅಮ್ಮಾ," ಎಂದೆ.

ಅಜ್ಜಿ ಅತ್ತ ಇತ್ತ ನೋಡಿ, ನನ್ನ ಮನಸ್ಸಿಗೆ ನೋವಾಗದ ಹಾಗೆ ದನಿ ತಗ್ಗಿಸಿದರು.

"ಅಮ್ಮಾವ್ರು ಆಡೋ ಗಂಟ ಬಾಗ್ಲು ತೆಗ್ದೇ ಇರ್ಲಿ. ನೀವು ಸುರು ಮಾಡ್ದಾಗ ಮಾತ್ರ ವಸಿ ಆಕ್ಕೊಂಬುಡಿ ಸಾಮಿ. ಲಕ್ಷ್ಮಿ ಏನೂ ಅನ್ಕೊಳಲ್ಲ, ಅವ್ಳಿಗ್ ನಾನ್ ಏಳ್ತೀನಿ."